ಇಪ್ಪತ್ತೇಳನೆಯ ಔಟ್: ಬೇಸ್‌ಬಾಲ್ ಅಂಪೈರಿಂಗ್ ಮತ್ತು ರೀಪ್ಲೇ ಕುರಿತ ಒಂದು ಪ್ರಕರಣ ಅಧ್ಯಯನ

2010ರ ಜೂನ್‌ನ ಒಂದು ಸಂಜೆ, ಅಮೆರಿಕದ ಬೇಸ್‌ಬಾಲ್ ಪಂದ್ಯವೊಂದರ ಕೊನೆಯ ಔಟ್ ಅಂಪೈರ್‌ನ ತಪ್ಪು ತೀರ್ಪಿನಿಂದ ಕೈತಪ್ಪಿ, ಪಿಚರ್‌ಗೆ (ಚೆಂಡು ಎಸೆಯುವವನಿಗೆ) ಅಪರೂಪದ ದಾಖಲೆಯೊಂದು ಇಲ್ಲವಾಯಿತು. ಈ ಪ್ರಕರಣದಲ್ಲಿ ಬರುವವರನ್ನು ಪಿಚರ್, ಅಂಪೈರ್, ಬ್ಯಾಟರ್ ಎಂದು ಅವರವರ ಕೆಲಸದಿಂದಷ್ಟೇ ಕರೆದಿದ್ದೇನೆ. ತಂಡಗಳ ಹೆಸರನ್ನೂ ಊರಿನ ಹೆಸರನ್ನೂ ಕೊಟ್ಟಿಲ್ಲ. ಅಮೆರಿಕದ ಬೇಸ್‌ಬಾಲ್ ಬಲ್ಲವರು ಎರಡು ಪ್ಯಾರಾ ಓದುವುದರೊಳಗೆ ಗುರುತು ಹಿಡಿದುಬಿಡುತ್ತಾರೆಂಬುದು ನನಗೂ ಗೊತ್ತಿದೆ. ಆದರೂ ಬಿಟ್ಟಿರುವುದಕ್ಕೆ ಕಾರಣವಿದೆ. ಹೆಸರು ಬಂದ ಕೂಡಲೇ ಓದುವವರ ಮನಸ್ಸು ‘ತಪ್ಪು ಯಾರದು’ ಎಂಬ ಕಡೆಗೆ ಹೊರಳುತ್ತದೆ. ತಪ್ಪು ಯಾರದೆಂಬುದು ಈ ಪ್ರಕರಣದಲ್ಲಿ ಒಂದು ಗಂಟೆಯೊಳಗೆ, ತಪ್ಪು ಮಾಡಿದವರ ಬಾಯಿಂದಲೇ ಇತ್ಯರ್ಥವಾಗಿತ್ತು. ಇತ್ಯರ್ಥವಾಗದೆ ಉಳಿದದ್ದು ಬೇರೆ: ಅದನ್ನು ಸರಿಪಡಿಸುವ ಅಧಿಕಾರ ಯಾರ ಕೈಯಲ್ಲಿತ್ತು, ಮತ್ತು ಆ ಅಧಿಕಾರ ಅವರ ಕೈಯಲ್ಲಿ ಎಷ್ಟು ಹೊತ್ತು ಇತ್ತು.

ಹಿನ್ನೆಲೆ

ಕ್ರಿಕೆಟ್ ನೋಡಿ ಬೆಳೆದ ನಮಗೆ ಬೇಸ್‌ಬಾಲ್‌ನ ‘ಪರ್ಫೆಕ್ಟ್ ಗೇಮ್’ ಎಂಬ ಮಾತಿನ ತೂಕ ಸುಲಭಕ್ಕೆ ಹತ್ತುವುದಿಲ್ಲ. ಒಂದು ಪಂದ್ಯಕ್ಕೆ ಒಂಬತ್ತು ಇನಿಂಗ್ಸ್, ಪ್ರತಿ ಇನಿಂಗ್ಸ್‌ನಲ್ಲಿ ಪ್ರತಿ ತಂಡಕ್ಕೂ ಮೂರು ಔಟ್. ಎಂದರೆ ಎದುರಾಳಿ ತಂಡವನ್ನು ಮುಗಿಸಲು 27 ಔಟ್‌ಗಳು ಬೇಕು. ಈ 27ನ್ನೂ ಒಬ್ಬನೇ ಪಿಚರ್, ಎದುರಾಳಿಗಳಲ್ಲಿ ಒಬ್ಬನೇ ಒಬ್ಬನೂ ಮೊದಲ ಬೇಸ್ (ಓಟಗಾರ ಮುಟ್ಟಬೇಕಾದ ತಾಣಗಳಲ್ಲಿ ಮೊದಲನೆಯದು) ತಲುಪದ ಹಾಗೆ, ಹಿಟ್ (ಹೊಡೆದು ಬೇಸ್ ತಲುಪುವುದು) ಕೊಡದೆ, ವಾಕ್ (ನಾಲ್ಕು ಕೆಟ್ಟ ಎಸೆತಗಳಿಂದ ಪುಕ್ಕಟೆ ಸಿಗುವ ಬೇಸ್) ಕೊಡದೆ, ತನ್ನ ಫೀಲ್ಡರ್‌ಗಳಿಂದ ಒಂದು ತಪ್ಪೂ ಆಗದೆ ಪಡೆದರೆ ಅದು ಪರ್ಫೆಕ್ಟ್ ಗೇಮ್. 2010ರ ಜೂನ್ ಆರಂಭದವರೆಗೆ, 130 ವರ್ಷಗಳಿಗೂ ಮಿಕ್ಕಿದ ಇತಿಹಾಸದಲ್ಲಿ ಇಂಥ ಪಂದ್ಯಗಳು 20 ಮಾತ್ರ ಆಗಿದ್ದವು. ಅವುಗಳಲ್ಲಿ ಎರಡು ಅದೇ ವರ್ಷದ ಮೇ ತಿಂಗಳಿನಲ್ಲಿ ನಡೆದಿದ್ದವು ಎಂಬುದು ಒಂದು ಕಾಕತಾಳೀಯ.

ರೀಪ್ಲೇ ವಿಷಯದಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ ಆ ಹೊತ್ತಿಗೆ ಒಂದು ಕಾಲನ್ನು ಮಾತ್ರ ನೀರಿಗಿಟ್ಟಿತ್ತು. 2007ರ ನವೆಂಬರ್‌ನಲ್ಲಿ ಮೂವತ್ತು ತಂಡಗಳ ಜನರಲ್ ಮ್ಯಾನೇಜರ್‌ಗಳು 25-5 ಮತಗಳಿಂದ ಇದನ್ನು ಶಿಫಾರಸು ಮಾಡಿದರು. 2008ರ ಆಗಸ್ಟ್ 28ರಿಂದ ಅದು ಜಾರಿಗೆ ಬಂತು. ಆದರೆ ಹೋಮ್ ರನ್‌ಗಳಿಗೆ (ಕ್ರಿಕೆಟ್‌ನ ಸಿಕ್ಸರ್‌ನಂಥವು) ಮಾತ್ರ: ಚೆಂಡು ಬೇಲಿ ದಾಟಿತೇ, ಗಡಿ ಗುರುತಿನ ಕಂಬದ ಒಳಗಿತ್ತೇ ಹೊರಗಿತ್ತೇ, ಪ್ರೇಕ್ಷಕರು ಕೈಚಾಚಿ ಅಡ್ಡಿಪಡಿಸಿದರೇ ಎಂಬಷ್ಟಕ್ಕೆ. ನೋಡುವವರೂ ಅದೇ ಪಂದ್ಯದ ಅಂಪೈರ್‌ಗಳೇ. ಮೈದಾನದಿಂದ ಒಳಗೆ ಹೋಗಿ, ಪರದೆ ನೋಡಿ, ಹೊರಗೆ ಬಂದು ತೀರ್ಪು ಹೇಳುತ್ತಿದ್ದರು.

1992ರಲ್ಲೇ ಡರ್ಬನ್ ಟೆಸ್ಟಿನಲ್ಲಿ ಟಿವಿ ಅಂಪೈರ್ ಸಚಿನ್ ತೆಂಡೂಲ್ಕರ್ ಅವರನ್ನು ರನ್ ಔಟ್ ಕೊಟ್ಟದ್ದನ್ನು ನೆನಪಿಟ್ಟುಕೊಂಡಿರುವ ನಮ್ಮವರು, ಶ್ರೀಮಂತ ಅಮೆರಿಕನ್ನರು ಇಷ್ಟು ಹಿಂದೆ ಬಿದ್ದದ್ದೇಕೆ ಎಂದು ಕೇಳುವುದುಂಟು. ಬರೀ ಹಟವಲ್ಲ ಅದು. ಕ್ರಿಕೆಟ್‌ನಲ್ಲಿ ಒಂದು ಎಸೆತ ಮುಗಿದರೆ ಆಟ ನಿಲ್ಲುತ್ತದೆ. ರನ್ ಔಟ್ ಆಯಿತೋ ಇಲ್ಲವೋ ಎಂದು ನಿಧಾನವಾಗಿ ನೋಡಬಹುದು. ಬೇಸ್‌ಬಾಲ್‌ನಲ್ಲಿ ಮೂರು ಬೇಸ್‌ಗಳಲ್ಲಿ ಮೂವರು ಓಟಗಾರರು ಇರಬಹುದು, ಅಂಪೈರ್ ಕೈ ಎತ್ತಿದ್ದನ್ನು ನೋಡಿಯೇ ಅವರು ಓಡುತ್ತಾರೆ ಇಲ್ಲವೇ ನಿಲ್ಲುತ್ತಾರೆ. ಔಟ್ ಎಂದಿದ್ದನ್ನು ಆಮೇಲೆ ಸೇಫ್ ಎಂದು ಬದಲಾಯಿಸಿದರೆ ಉಳಿದ ಓಟಗಾರರನ್ನು ಎಲ್ಲಿ ನಿಲ್ಲಿಸಬೇಕು? ಆಗದೆ ಇದ್ದ ಆಟವನ್ನು ಊಹಿಸಿ ತೀರ್ಪು ಕೊಡಬೇಕಾಗುತ್ತದೆ. ಹೋಮ್ ರನ್‌ನಿಂದ ಶುರುಮಾಡಿದ್ದರ ತರ್ಕವೂ ಇದೇ, ಅಲ್ಲಿ ಈ ತೊಡಕು ಕಡಿಮೆ. ಇದರ ಜೊತೆಗೆ ಪಂದ್ಯ ಉದ್ದವಾಗುತ್ತದೆಂಬ ಆತಂಕ, ಮನುಷ್ಯನ ತಪ್ಪೂ ಆಟದ ಭಾಗವೆಂಬ ಹಳೆಯ ನಂಬಿಕೆ, ಮೈದಾನದಲ್ಲಿ ತಂಡವನ್ನು ನಡೆಸುವ ಮ್ಯಾನೇಜರ್ ಟೋಪಿ ಎಸೆದು ಅಂಪೈರ್ ಮುಖಕ್ಕೆ ಮುಖ ಕೊಟ್ಟು ಕೂಗಾಡುವ ದೃಶ್ಯದ ಮೇಲಿನ ಮೋಹ, ಇವೆಲ್ಲ ಇದ್ದವು. ಕೊನೆಯದನ್ನು ಯಾರೂ ವಾದವಾಗಿ ಮಂಡಿಸುತ್ತಿರಲಿಲ್ಲ. ಅದರ ಪಾಲೂ ಇತ್ತೆಂದೇ ನನ್ನ ಅನಿಸಿಕೆ.

ಆ ಸಂಜೆ

ಪಿಚರ್ ಇಪ್ಪತ್ತೆಂಟರ ಆಸುಪಾಸಿನ ಯುವಕ, ಕೆಲವೇ ವಾರಗಳ ಹಿಂದೆ ಕೆಳಹಂತದ ಲೀಗ್‌ನಿಂದ ಮರಳಿ ಬಂದವನು. ಮೊದಲ ಬೇಸ್‌ನ ಅಂಪೈರ್ ಇಪ್ಪತ್ತು ವರ್ಷಗಳಿಗೂ ಹೆಚ್ಚು ಅನುಭವವುಳ್ಳವರು. ಅದೇ ತಿಂಗಳು ಒಂದು ಕ್ರೀಡಾ ಪತ್ರಿಕೆ ಆಟಗಾರರ ನಡುವೆ ನಡೆಸಿದ ಸಮೀಕ್ಷೆಯಲ್ಲಿ ಅತ್ಯುತ್ತಮ ಅಂಪೈರ್ ಎಂಬ ಸ್ಥಾನ ಸಿಕ್ಕಿದ್ದೂ ಅವರಿಗೇ. ಈ ಸಂಗತಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ‘ಅಂಪೈರ್‌ಗಳಿಗೆ ಒಳ್ಳೆಯ ತರಬೇತಿ ಕೊಟ್ಟರೆ ರೀಪ್ಲೇ ಬೇಡ’ ಎಂಬ ವಾದಕ್ಕೆ ಈ ಪ್ರಕರಣ ಉತ್ತರವಾಗುವುದು ಇಲ್ಲಿಯೇ.

ಎಂಟು ಇನಿಂಗ್ಸ್ ಮುಗಿದಾಗ 24 ಬ್ಯಾಟರ್‌ಗಳು ಬಂದು, 24 ಜನವೂ ಮರಳಿದ್ದರು. ಒಂಬತ್ತನೆಯ ಇನಿಂಗ್ಸ್‌ನ ಮೊದಲ ಹೊಡೆತ ಮೈದಾನದ ಆಳಕ್ಕೆ ಹಾರಿತು. ಸೆಂಟರ್ ಫೀಲ್ಡರ್ ಬೆನ್ನು ತಿರುಗಿಸಿ ಓಡಿ, ಹೆಗಲ ಮೇಲಿಂದ ಬಂದ ಚೆಂಡನ್ನು ಹಿಡಿದ. ಇನ್ನೊಬ್ಬ ನೆಲಚೆಂಡು ಹೊಡೆದು ಔಟಾದ. 26.

ಇಪ್ಪತ್ತೇಳನೆಯ ಬ್ಯಾಟರ್ ಹೊಡೆದ ಚೆಂಡು ನೆಲಕ್ಕೆ ತಾಗಿಕೊಂಡು ಮೊದಲ ಮತ್ತು ಎರಡನೆಯ ಬೇಸ್‌ಗಳ ನಡುವೆ ಹೋಯಿತು. ಸಾಮಾನ್ಯವಾಗಿ ಇಂಥ ಸಂದರ್ಭದಲ್ಲಿ ಮೊದಲ ಬೇಸ್‌ನ ಆಟಗಾರ ಬೇಸ್‌ಗೆ ಕಾಲು ಕೊಟ್ಟು ನಿಂತು ಚೆಂಡಿಗೆ ಕಾಯುತ್ತಾನೆ. ಈ ಬಾರಿ ಅವನೇ ಬಲಕ್ಕೆ ದೂರ ಸರಿದು ಚೆಂಡನ್ನು ತಡೆದ. ಹಾಗಾಗಿ ಖಾಲಿ ಬಿದ್ದ ಬೇಸ್ ಕಡೆಗೆ ಪಿಚರ್ ಓಡಬೇಕಾಯಿತು. ಬ್ಯಾಟರ್ ಒಂದು ಕಡೆಯಿಂದ ಓಡಿ ಬರುತ್ತಿದ್ದಾನೆ, ಪಿಚರ್ ಇನ್ನೊಂದು ಕಡೆಯಿಂದ. ಚೆಂಡು ಪಿಚರ್‌ನ ಗ್ಲೌಸ್ ಸೇರಿತು, ಅವನ ಕಾಲು ಬೇಸ್ ಮೇಲಿತ್ತು, ಬ್ಯಾಟರ್‌ನ ಕಾಲು ಇನ್ನೂ ಬಂದಿರಲಿಲ್ಲ. ಎಂದರೆ ಔಟ್. ಮೊದಲ ಬೇಸ್ ಅಂಪೈರ್‌ಗಳಿಗೆ ಕಲಿಸುವ ಪಾಠವೊಂದಿದೆ: ಕಣ್ಣು ಬೇಸ್ ಮೇಲಿರಲಿ, ಕಿವಿ ಗ್ಲೌಸ್ ಕಡೆಗಿರಲಿ. ಕಾಲು ತಾಗುವುದನ್ನು ನೋಡಬೇಕು, ಚೆಂಡು ಗ್ಲೌಸ್‌ಗೆ ಬಡಿಯುವುದನ್ನು ಕೇಳಬೇಕು. ಎರಡನ್ನೂ ಒಟ್ಟಿಗೆ ನೋಡಲು ಮನುಷ್ಯನ ಕಣ್ಣಿಗೆ ಆಗದು. ಅಂಪೈರ್ ನೋಡಿದರು, ಕೇಳಿದರು, ಎರಡೂ ಕೈಗಳನ್ನು ಅಗಲಿಸಿ ಚಾಚಿದರು. ಸೇಫ್.

ಪಿಚರ್ ನಕ್ಕ. ಸಿಟ್ಟಿನ ನಗುವಲ್ಲ, ಕುಹಕವೂ ಅಲ್ಲ. ಬಸ್ಸು ಕಣ್ಣೆದುರೇ ಹೊರಟುಹೋದಾಗ ಒಬ್ಬೊಬ್ಬರು ನಗುತ್ತಾರಲ್ಲ, ಅಂಥದ್ದು. ಸಹ ಆಟಗಾರರು ತಲೆಯ ಮೇಲೆ ಕೈಹೊತ್ತರು, ಮ್ಯಾನೇಜರ್ ಬಂದು ವಾದಿಸಿದರು. ಟಿವಿಯಲ್ಲಿ ನೋಡುತ್ತಿದ್ದವರಿಗೆ ಕೆಲವೇ ಕ್ಷಣಗಳಲ್ಲಿ ನಿಧಾನಗತಿಯ ಚಿತ್ರ ಸಿಕ್ಕಿತು, ಅದರಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ದೇಶಕ್ಕೆಲ್ಲ ತಿಳಿದ ಸಂಗತಿ ತಿಳಿಯದೆ ಇದ್ದದ್ದು, ತಿಳಿಯಲೇಬೇಕಾಗಿದ್ದ ಒಬ್ಬರಿಗೆ.

ಪಿಚರ್ ತಾನು ನಿಂತು ಎಸೆಯುವ ದಿಬ್ಬಕ್ಕೆ ಮರಳಿ ಇಪ್ಪತ್ತೆಂಟನೆಯ ಬ್ಯಾಟರ್‌ನನ್ನು ಔಟ್ ಮಾಡಿದ. ಪಂದ್ಯ 3-0ರಿಂದ ಮುಗಿಯಿತು. ಅವನು ಎಸೆದದ್ದು 88 ಚೆಂಡು, ಇಡೀ ಪಂದ್ಯ ನಡೆದದ್ದು 1 ಗಂಟೆ 44 ನಿಮಿಷ.

ಯಾವ ಬಾಗಿಲುಗಳು ಇದ್ದವು

ಈ ಪ್ರಕರಣವನ್ನು ಹೇಳುವಾಗ ‘ಆಗ ರೀಪ್ಲೇ ಇರಲಿಲ್ಲ, ಹಾಗಾಗಿ ಏನೂ ಮಾಡಲಾಗಲಿಲ್ಲ’ ಎಂದು ಒಂದೇ ವಾಕ್ಯದಲ್ಲಿ ಮುಗಿಸುವವರೇ ಹೆಚ್ಚು. ಅದು ಪೂರ್ತಿ ನಿಜವಲ್ಲ. ಮೈದಾನದಲ್ಲಿ ನಾಲ್ವರು ಅಂಪೈರ್‌ಗಳಿದ್ದರು, ನಿಯಮಾವಳಿಯಲ್ಲಿ ಸಮಾಲೋಚನೆಗೆ ಅವಕಾಶವಿತ್ತು. ಆದರೆ ಆ ನಿಯಮದ ಒಕ್ಕಣೆಯನ್ನು ಗಮನಿಸಬೇಕು: ತೀರ್ಪು ಕೊಟ್ಟ ಅಂಪೈರ್ ತಾನಾಗಿ ಕೇಳಿದ ಹೊರತು, ಬೇರೆ ಅಂಪೈರ್ ಆ ತೀರ್ಪನ್ನು ಟೀಕಿಸುವಂತಿಲ್ಲ, ಬದಲಿಸಲು ಯತ್ನಿಸುವಂತಿಲ್ಲ, ನಡುವೆ ಬರುವಂತಿಲ್ಲ. ಔಟ್, ಸೇಫ್‌ನಂಥ ಕಣ್ಣಳತೆಯ ತೀರ್ಪುಗಳು ಅಂತಿಮ.

ಎಂದರೆ ಬಾಗಿಲು ಇತ್ತು. ಚಿಲಕ ಒಳಗಿನಿಂದ ಮಾತ್ರ ತೆಗೆಯುವಂಥದ್ದಾಗಿತ್ತು. ತೀರ್ಪು ಕೊಟ್ಟವರಿಗೆ ಅನುಮಾನ ಬಂದರೆ ಅವರು ಕೇಳಬಹುದು. ಅನುಮಾನವೇ ಬಾರದಿದ್ದರೆ? ಆ ಅಂಪೈರ್ ಪಂದ್ಯದ ನಂತರ ಹೇಳಿದ ಮಾತಿನ ಸಾರವೇ ಅದು: ರೀಪ್ಲೇ ನೋಡುವವರೆಗೂ, ಓಟಗಾರ ಚೆಂಡಿಗಿಂತ ಮೊದಲು ಬಂದನೆಂದು ಅವರಿಗೆ ಖಾತ್ರಿಯಿತ್ತು. ಅನುಭವಸ್ಥರ ತಪ್ಪುಗಳ ಸ್ವಭಾವವೇ ಹಾಗೆ. ಹೊಸಬನು ತಪ್ಪಿದರೆ ಅವನ ಮುಖದಲ್ಲೇ ಅಳುಕು ಕಾಣುತ್ತದೆ, ಪಕ್ಕದವರನ್ನು ನೋಡುತ್ತಾನೆ. ಪಳಗಿದವರು ತಪ್ಪುವುದು ಪೂರ್ಣ ವಿಶ್ವಾಸದೊಂದಿಗೆ. ಅನುಮಾನಿಸುವ ಹಕ್ಕನ್ನು ತೀರ್ಪು ಕೊಟ್ಟವನ ಕೈಗೇ ಒಪ್ಪಿಸಿದ ವ್ಯವಸ್ಥೆ, ಅತ್ಯಂತ ಅಗತ್ಯವಾದ ಹೊತ್ತಿನಲ್ಲೇ ಕೈಕೊಡುತ್ತದೆ.

ಮೂರು ವರ್ಷಗಳ ನಂತರ, 2013ರ ವರ್ಲ್ಡ್ ಸೀರೀಸ್‌ನ (ಋತುವಿನ ಚಾಂಪಿಯನ್ ಪಟ್ಟದ ಸರಣಿ) ಮೊದಲ ಪಂದ್ಯದಲ್ಲಿ ಇದಕ್ಕೆ ತದ್ವಿರುದ್ಧವಾದ ಘಟನೆ ನಡೆಯಿತು. ಎರಡನೆಯ ಬೇಸ್‌ನಲ್ಲಿ ಫೀಲ್ಡರ್ ಚೆಂಡನ್ನು ಕೈಬಿಟ್ಟಿದ್ದ. ಹತ್ತಿರವಿದ್ದ ಅಂಪೈರ್ ಔಟ್ ಕೊಟ್ಟರು. ಉಳಿದ ಐವರೂ ಬೇರೆಯೇ ಕಂಡಿದ್ದರು, ಆರೂ ಜನ ಸೇರಿ ಮಾತಾಡಿ ತೀರ್ಪು ಬದಲಿಸಿದರು. ರೀಪ್ಲೇ ಇಲ್ಲದೆಯೇ ಸರಿಯಾಯಿತು. ಆದರೆ ಕೈಬಿಟ್ಟ ಚೆಂಡು ದೂರದಿಂದಲೂ ಕಾಣುತ್ತದೆ. ಮೊದಲ ಬೇಸ್‌ನಲ್ಲಿ ಕಾಲು ಮೊದಲೋ ಚೆಂಡು ಮೊದಲೋ ಎಂಬುದು ಮೂರನೆಯ ಬೇಸ್‌ನಲ್ಲಿ ನಿಂತವರಿಗೆ ಕಾಣುವುದಿಲ್ಲ. ಅಂದು ಆ ಅಂಪೈರ್ ಕೇಳಿದ್ದರೂ ಉಳಿದ ಮೂವರಿಂದ ಹೆಚ್ಚು ನೆರವು ಸಿಗುತ್ತಿತ್ತೆಂದು ಹೇಳಲಾರೆ. ಸಮಾಲೋಚನೆ ಒಳ್ಳೆಯದು, ಅದರ ಮಿತಿ ಅಂಗಳದ ವಿಸ್ತಾರದಷ್ಟೇ ವಾಸ್ತವವಾದದ್ದು.

ಪಂದ್ಯದ ನಂತರದ ಹದಿನೆಂಟು ಗಂಟೆ

ಅಂಪೈರ್ ತಮ್ಮ ಕೋಣೆಗೆ ಹೋಗಿ ದೃಶ್ಯವನ್ನು ನೋಡಿದರು. ಆ ಹುಡುಗನ ಪರ್ಫೆಕ್ಟ್ ಗೇಮ್ ತನ್ನಿಂದ ಹೋಯಿತೆಂದು ಪತ್ರಕರ್ತರ ಎದುರೇ, ಸಬೂಬು ಹೇಳದೆ ಒಪ್ಪಿಕೊಂಡರು. ಪಿಚರ್‌ನನ್ನು ಕಾಣಬೇಕೆಂದು ಕೇಳಿ, ಅಳುತ್ತಾ ಕ್ಷಮೆ ಬೇಡಿದರು. ಅವನು ಅವರನ್ನು ಅಪ್ಪಿಕೊಂಡ. ಆಮೇಲೆ ಅವನು ಸುದ್ದಿಗಾರರಿಗೆ ಹೇಳಿದ್ದು ಒಂದೇ ಮಾತು: ಯಾರೂ ಪರಿಪೂರ್ಣರಲ್ಲ.

ಮರುದಿನ ಮಧ್ಯಾಹ್ನ ಅದೇ ಮೈದಾನದಲ್ಲಿ ಅದೇ ತಂಡಗಳ ನಡುವೆ ಪಂದ್ಯವಿತ್ತು. ಸರದಿಯ ಪ್ರಕಾರ ಆ ಅಂಪೈರ್ ಬ್ಯಾಟರ್ ಆಡುವ ಜಾಗವಾದ ಹೋಮ್ ಪ್ಲೇಟ್ ಹಿಂದೆ ನಿಲ್ಲಬೇಕಾಗಿತ್ತು, ಎಲ್ಲರ ಕಣ್ಣಿಗೂ ಬೀಳುವ ಜಾಗ. ರಜೆ ತೆಗೆದುಕೊಳ್ಳಬಹುದೆಂದು ಸಂಸ್ಥೆ ಹೇಳಿತು. ಅವರು ಬೇಡವೆಂದರು. ಪಂದ್ಯಕ್ಕೆ ಮುನ್ನ ಆಟಗಾರರ ಪಟ್ಟಿಯನ್ನು ಅಂಪೈರ್‌ಗೆ ಕೊಡುವುದು ಸಾಮಾನ್ಯವಾಗಿ ಮ್ಯಾನೇಜರ್ ಇಲ್ಲವೇ ಕೋಚ್‌ನ ಕೆಲಸ; ಅಂದು ಮ್ಯಾನೇಜರ್ ಆ ಚೀಟಿಯನ್ನು ಪಿಚರ್ ಕೈಗೆ ಕೊಟ್ಟು ಕಳಿಸಿದರು. ಪ್ಲೇಟ್ ಬಳಿ ಚೀಟಿ ಕೈಬದಲಾಯಿತು. ಅಂಪೈರ್ ಕಣ್ಣೊರೆಸಿಕೊಂಡು, ಪಿಚರ್‌ನ ಭುಜ ತಟ್ಟಿದರು.

ಈ ದೃಶ್ಯವನ್ನು ಭಾವುಕತೆಗಾಗಿ ಹೇಳುತ್ತಿಲ್ಲ. ಇದೇ ಪ್ರಕರಣದ ಮೊದಲ ತಿರುವು. 1985ರ ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯದಲ್ಲಿ, ಅದೇ ಮೊದಲ ಬೇಸ್‌ನಲ್ಲಿ, ಅಲ್ಲಿಯೂ ಪಿಚರ್ ಬೇಸ್‌ಗೆ ಓಡಿ ಬಂದು ಚೆಂಡು ಹಿಡಿದಿದ್ದಾಗ, ಔಟ್ ಆಗಬೇಕಿದ್ದವನನ್ನು ಸೇಫ್ ಎಂದು ಕೊಟ್ಟ ತೀರ್ಪು ಆ ಪಂದ್ಯದ ಅಂಪೈರ್‌ಗೆ ವರ್ಷಗಟ್ಟಲೆ ಬೆದರಿಕೆ ಪತ್ರಗಳನ್ನು ತಂದಿತ್ತು. ಅಲ್ಲಿ ಚರ್ಚೆ ವ್ಯಕ್ತಿಯ ಸುತ್ತಲೇ ತಿರುಗಿತು, ವ್ಯವಸ್ಥೆ ಹಾಗೆಯೇ ಉಳಿಯಿತು. 2010ರಲ್ಲಿ ತಪ್ಪಿದವರು ಒಪ್ಪಿಕೊಂಡರು, ನೊಂದವನು ಕ್ಷಮಿಸಿದ; ಬೈಯಲು ಯಾರೂ ಉಳಿಯಲಿಲ್ಲ. ಆಗ ಜನ ನಿಯಮಾವಳಿಯ ಕಡೆಗೆ ತಿರುಗಿದರು. ‘ಹತ್ತಿರ ನಿಂತವರಿಗೆ ಕಂಡಷ್ಟು ಕ್ಯಾಮೆರಾಗೆ ಕಾಣದು’ ಎಂಬ ಹಳೆಯ ವಾದವೂ, ಹತ್ತಿರ ನಿಂತಿದ್ದವರೇ ಕ್ಯಾಮೆರಾ ಸರಿಯೆಂದ ಮೇಲೆ, ಬಾಯಿ ಮುಚ್ಚಿಕೊಂಡಿತು.

ಕಮಿಷನರ್ ಮುಂದಿದ್ದ ಆಯ್ಕೆ

ಆ ರಾಜ್ಯದ ಗವರ್ನರ್ ಇದು ಪರ್ಫೆಕ್ಟ್ ಗೇಮ್ ಎಂದೇ ಘೋಷಣಾಪತ್ರ ಹೊರಡಿಸಿದರು. ಒಂದು ಕಾರು ಕಂಪನಿ ಪಿಚರ್‌ಗೆ ಸ್ಪೋರ್ಟ್ಸ್ ಕಾರು ಕೊಟ್ಟಿತು. ನಿಜವಾದ ಅಧಿಕಾರವಿದ್ದದ್ದು ಬೇಸ್‌ಬಾಲ್ ಕಮಿಷನರ್ ಬಡ್ ಸೆಲಿಗ್ ಅವರಿಗೆ. ಒತ್ತಡ ಎಲ್ಲ ಕಡೆಯಿಂದಲೂ ಬಂತು: ತೀರ್ಪನ್ನು ತಿರುಗಿಸಿ.

ತಿರುಗಿಸುವುದು ಇಷ್ಟು ಸುಲಭವಾದ ಪ್ರಕರಣ ಇನ್ನೊಂದು ಸಿಗಲಾರದು. ಆ ಔಟ್ ಕೊಟ್ಟಿದ್ದರೆ ಪಂದ್ಯ ಅಲ್ಲಿಗೇ ಮುಗಿಯುತ್ತಿತ್ತು. ಮುಂದೇನಾಗುತ್ತಿತ್ತೆಂದು ಊಹಿಸಬೇಕಾದ್ದಿಲ್ಲ, ಇಪ್ಪತ್ತೆಂಟನೆಯ ಬ್ಯಾಟರ್‌ನನ್ನು ಅಳಿಸಿದರೆ ಸಾಕು. ಗೆದ್ದವರು ಗೆದ್ದೇ ಇದ್ದಾರೆ, ಸೋತವರಿಗೆ ನಷ್ಟವಿಲ್ಲ. 1985ರ ಪಂದ್ಯದಲ್ಲಿ ಆ ಔಟ್ ಸಿಕ್ಕಿದ್ದರೆ ಏನಾಗುತ್ತಿತ್ತೆಂದು ಇಂದಿಗೂ ಯಾರೂ ಹೇಳಲಾರರು.

ಸುಲಭವಾಗಿತ್ತೆಂಬುದೇ ಇಲ್ಲಿನ ತೊಡಕು ಕೂಡ. ಅತ್ಯಂತ ಸಲೀಸಾದ ಸಂದರ್ಭಕ್ಕಾಗಿ ಮಾಡಿದ ವಿನಾಯಿತಿ, ನಾಳೆ ಅತ್ಯಂತ ಕಗ್ಗಂಟಿನ ಸಂದರ್ಭದವರ ಬಾಯಲ್ಲಿ ಪೂರ್ವನಿದರ್ಶನವಾಗುತ್ತದೆ. 1983ರಲ್ಲಿ ಬ್ಯಾಟ್‌ಗೆ ಹಚ್ಚಿದ ಅಂಟಿನ ವಿಚಾರದಲ್ಲಿ ಒಂದು ಹೋಮ್ ರನ್ ರದ್ದಾಗಿ, ಆಮೇಲೆ ಲೀಗ್ ಅಧ್ಯಕ್ಷರು ಆ ತೀರ್ಪನ್ನು ತಿರುಗಿಸಿ, ಉಳಿದ ಆಟವನ್ನು ವಾರಗಳ ನಂತರ ಮುಂದುವರಿಸಿದ್ದುಂಟು. ಆದರೆ ಅದು ನಿಯಮವನ್ನು ತಪ್ಪಾಗಿ ಅನ್ವಯಿಸಿದ ಪ್ರಶ್ನೆ, ಕಣ್ಣಳತೆಯ ಪ್ರಶ್ನೆಯಲ್ಲ. 1991ರಲ್ಲಿ ‘ನೋ ಹಿಟ್ಟರ್’ (ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ) ಎಂಬುದರ ವ್ಯಾಖ್ಯೆಯನ್ನು ಬಿಗಿಗೊಳಿಸಿ 50 ಹಳೆಯ ಪಂದ್ಯಗಳನ್ನು ಪಟ್ಟಿಯಿಂದ ತೆಗೆದುಹಾಕಿದ್ದನ್ನೂ ಕೆಲವರು ಎತ್ತಿ ತೋರಿಸಿದರು: ದಾಖಲೆ ಪುಸ್ತಕ ಕಲ್ಲಿನ ಶಾಸನವೇನೂ ಅಲ್ಲ ಎಂದು. ಸರಿ, ಅಲ್ಲ. ಆದರೂ ಅಲ್ಲಿ ಬದಲಾದದ್ದು ಪದದ ಅರ್ಥ; ಮೈದಾನದಲ್ಲಿ ನಡೆದದ್ದು ಬದಲಾಗಲಿಲ್ಲ.

ಕಮಿಷನರ್ ತೀರ್ಪನ್ನು ಮುಟ್ಟಲಿಲ್ಲ. ಅಂಪೈರಿಂಗ್ ವ್ಯವಸ್ಥೆಯನ್ನೂ ರೀಪ್ಲೇ ವಿಸ್ತರಣೆಯನ್ನೂ ಪರಿಶೀಲಿಸುವುದಾಗಿ ಹೇಳಿದರು. ಮೊದಲರ್ಧ ಸರಿಯೆಂದೇ ನನ್ನ ಅಭಿಪ್ರಾಯ. ತಿದ್ದುಪಡಿಗೆ ಒಂದು ಗಡುವಿರಬೇಕು. ದೀಪ ಆರಿಸಿ ಎಲ್ಲರೂ ಮನೆಗೆ ಹೋದ ಮೇಲೆ ಕಚೇರಿಯಲ್ಲಿ ಕುಳಿತು ಪಂದ್ಯ ತಿದ್ದುವುದನ್ನು ಒಮ್ಮೆ ಒಪ್ಪಿಕೊಂಡರೆ ಯಾವ ಪಂದ್ಯವೂ ಮುಗಿದ ಹಾಗಲ್ಲ. ಒಪ್ಪಲಾಗದ್ದು ಎರಡನೆಯರ್ಧದ ನಿಧಾನ. ಪರಿಶೀಲನೆ ಮುಗಿದು ಹೊಸ ವ್ಯವಸ್ಥೆ ಮೈದಾನಕ್ಕಿಳಿದದ್ದು 2014ರಲ್ಲಿ.

ಕೊನೆಗೂ ಮಾಡಿದ್ದೇನು

ಬೇಸ್‌ಬಾಲ್‌ನಲ್ಲಿ ಪಳಗಿದ ಜೋ ಟೋರಿ, ಟೋನಿ ಲಾ ರುಸ್ಸಾ ಮತ್ತು ಜಾನ್ ಶೂರ್‌ಹೋಲ್ಟ್ಜ್ ಇದ್ದ ಸಮಿತಿ ರೂಪಿಸಿದ ಯೋಜನೆಗೆ 2014ರ ಜನವರಿಯಲ್ಲಿ ತಂಡಗಳ ಮಾಲೀಕರು ಒಪ್ಪಿಗೆ ಕೊಟ್ಟರು. ಅದರಲ್ಲಿ ಮುಖ್ಯವಾದವು ಮೂರು ನಿರ್ಧಾರಗಳು, ಮೂರೂ ಯಂತ್ರಕ್ಕಿಂತ ಹೆಚ್ಚಾಗಿ ಅಧಿಕಾರ ಹಂಚಿಕೆಗೆ ಸಂಬಂಧಿಸಿದವು.

ಮೊದಲನೆಯದು, ಅನುಮಾನಿಸುವ ಹಕ್ಕು ತೀರ್ಪು ಕೊಟ್ಟವರಿಂದ ಮ್ಯಾನೇಜರ್‌ಗೆ ಬಂತು. ಪಂದ್ಯಕ್ಕೆ ಒಂದು ಸವಾಲು. ಅದು ಸರಿಯಾದರೆ ಇನ್ನೊಂದು. ಮ್ಯಾನೇಜರ್‌ನ ಸವಾಲು ಮುಗಿದಿದ್ದರೆ, ಏಳನೆಯ ಇನಿಂಗ್ಸ್‌ನಿಂದ ಅಂಪೈರ್‌ಗಳ ಮುಖ್ಯಸ್ಥರೇ ಪರಿಶೀಲನೆಗೆ ಕಳಿಸಬಹುದಾಗಿತ್ತು. ಚಿಲಕ ಹೊರಗಿನಿಂದಲೂ ತೆಗೆಯುವಂತಾಯಿತು. ಎರಡನೆಯದು, ನೋಡುವ ಕೆಲಸವನ್ನು ಮೈದಾನದಿಂದ ದೂರ, ನ್ಯೂಯಾರ್ಕ್‌ನ ಒಂದು ಕೇಂದ್ರಕ್ಕೆ ಒಯ್ದರು. ಮೈದಾನದ ಅಂಪೈರ್ ಹೆಡ್‌ಫೋನ್ ಹಾಕಿಕೊಂಡು ನಿಲ್ಲುತ್ತಾರೆ, ಅಲ್ಲಿಂದ ತೀರ್ಪು ಬರುತ್ತದೆ. ಆದರೆ ಆ ಕೇಂದ್ರದಲ್ಲಿ ಕುಳಿತವರೂ ವೃತ್ತಿನಿರತ ಅಂಪೈರ್‌ಗಳೇ, ಸರದಿಯ ಮೇಲೆ ಬಂದು ಹೋಗುವವರು. ಇದು ಜಾಣತನದ ನಿರ್ಧಾರ. ತನ್ನ ತಪ್ಪನ್ನು ತಾನೇ ಪರದೆಯಲ್ಲಿ ನೋಡಿ ಒಪ್ಪಿಕೊಳ್ಳುವ ಮುಜುಗರವೂ ತಪ್ಪಿತು, ಹೊರಗಿನವರು ಬಂದು ತಿದ್ದಿದರೆಂಬ ಅವಮಾನವೂ ತಪ್ಪಿತು. ಮೂರನೆಯದು, ಬದಲಾಯಿಸಲು ಸ್ಪಷ್ಟವಾದ, ಮನದಟ್ಟಾಗುವ ಸಾಕ್ಷ್ಯ ಬೇಕು. ಇಲ್ಲದಿದ್ದರೆ ಮೈದಾನದ ತೀರ್ಪೇ ನಿಲ್ಲುತ್ತದೆ. ಕ್ರಿಕೆಟ್‌ನ ‘ಅಂಪೈರ್ಸ್ ಕಾಲ್’ ಬಗ್ಗೆ ನಮ್ಮಲ್ಲಿ ನಡೆದಿರುವ ಜಗಳಗಳನ್ನು ಬಲ್ಲವರಿಗೆ ಇದರ ಹಿಂದಿನ ಯೋಚನೆ ಹೊಸದಲ್ಲ. ಅನಿಲ್ ಕುಂಬ್ಳೆ ಅಧ್ಯಕ್ಷರಾಗಿದ್ದ ಐಸಿಸಿ ಕ್ರಿಕೆಟ್ ಸಮಿತಿ 2021ರಲ್ಲಿ ಅದನ್ನು ಉಳಿಸಿಕೊಂಡದ್ದಕ್ಕೂ ಹೆಚ್ಚುಕಡಿಮೆ ಇದೇ ಕಾರಣ.

ಆ ಮೊದಲ ಋತುವಿನಲ್ಲಿ 1,200ಕ್ಕೂ ಹೆಚ್ಚು ಪರಿಶೀಲನೆಗಳು ನಡೆದು, ಅರ್ಧಕ್ಕೆ ತುಸು ಕಡಿಮೆ ತೀರ್ಪುಗಳು ಬದಲಾದವು. ಇದನ್ನು ಓದಿ ಅಂಪೈರ್‌ಗಳು ಅರ್ಧಕ್ಕರ್ಧ ತಪ್ಪುತ್ತಾರೆಂದುಕೊಂಡರೆ ಅದೂ ತಪ್ಪೇ. ಒಂದು ಋತುವಿನಲ್ಲಿ ನಡೆಯುವುದು 2,430 ಪಂದ್ಯ. ಎರಡು ಪಂದ್ಯಕ್ಕೊಮ್ಮೆ ಯಾರಿಗೋ ಬಲವಾದ ಅನುಮಾನ ಬಂತು, ಆ ಅನುಮಾನ ಅರ್ಧದಷ್ಟು ಸಲ ನಿಜವಾಯಿತು, ಅಷ್ಟೇ. ಒಂದೊಂದು ಪರಿಶೀಲನೆಗೆ ಸರಾಸರಿ ಎರಡು ನಿಮಿಷಕ್ಕಿಂತ ಕಡಿಮೆ ಸಮಯ ಸಾಕಾಯಿತು. 1 ಗಂಟೆ 44 ನಿಮಿಷದಲ್ಲಿ ಮುಗಿದ ಆ ಜೂನ್ ಸಂಜೆಯ ಪಂದ್ಯ ಎರಡು ನಿಮಿಷ ಹೆಚ್ಚು ನಡೆದಿದ್ದರೆ ಯಾರಿಗೂ ಬೇಸರವಾಗುತ್ತಿರಲಿಲ್ಲ.

ನೆನೆಯದೆ ಬಂದದ್ದು

ಹೊಸ ಹಕ್ಕು ಬಂದಲ್ಲಿ ಅದರ ಸುತ್ತ ಹೊಸ ಚಾಳಿಗಳೂ ಹುಟ್ಟುತ್ತವೆ. ಮೊದಲ ವರ್ಷ ಮ್ಯಾನೇಜರ್‌ಗಳು ಬೇಕೆಂದೇ ನಿಧಾನವಾಗಿ ನಡೆದು ಬಂದು ಅಂಪೈರ್ ಜೊತೆ ಲೋಕಾಭಿರಾಮ ಮಾತಾಡುತ್ತಾ ನಿಲ್ಲುವರು. ಅಷ್ಟರಲ್ಲಿ ತಂಡದ ವಿಡಿಯೊ ಕೋಣೆಯವರು ದೃಶ್ಯ ನೋಡಿ ಡಗೌಟ್‌ಗೆ (ಮೈದಾನದ ಅಂಚಿನಲ್ಲಿ ತಂಡ ಕೂರುವ ಜಾಗ) ಫೋನ್ ಮಾಡುವರು, ಅಲ್ಲಿಂದ ಸನ್ನೆ ಬಂದರೆ ಸವಾಲು, ಬಾರದಿದ್ದರೆ ಮರಳಿ ನಡಿಗೆ. ಇದನ್ನು ತಡೆಯಲು ಮುಂದಿನ ವರ್ಷ ಡಗೌಟ್‌ನಿಂದಲೇ ಸನ್ನೆ ಮಾಡಲು ಬಿಟ್ಟರು. 2017ರಲ್ಲಿ ಯೋಚಿಸಲು 30 ಸೆಕೆಂಡ್ ಎಂದು ಕಟ್ಟು ಮಾಡಿದರು, ಅದು ಕ್ರಮೇಣ 20ಕ್ಕೆ, 2023ರಲ್ಲಿ 15ಕ್ಕೆ ಇಳಿಯಿತು. ಅದೇ 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾದ ನಾಯಕ ರಿವ್ಯೂ ತೆಗೆದುಕೊಳ್ಳಲೇ ಎಂದು ಡ್ರೆಸಿಂಗ್ ರೂಮ್ ಕಡೆ ನೋಡಿದಾಗ ಎಷ್ಟು ದೊಡ್ಡ ಗಲಾಟೆಯಾಯಿತೆಂಬುದು ನಮಗೆಲ್ಲ ನೆನಪಿದೆ. ಕ್ರಿಕೆಟ್‌ನಲ್ಲಿ ಅಪರಾಧವೆನಿಸಿದ್ದು ಬೇಸ್‌ಬಾಲ್‌ನಲ್ಲಿ ಸಂಬಳ ಕೊಟ್ಟು ಮಾಡಿಸುವ ಕೆಲಸ. ಒಂದು ಕಡೆ ಅನುಮಾನ ಆಟಗಾರನ ಕಣ್ಣಿನದು. ಇನ್ನೊಂದು ಕಡೆ ಅದು ಪರದೆಯೇ ಹುಟ್ಟಿಸಿದ ಅನುಮಾನ.

ಆ ವಿಡಿಯೊ ಕೋಣೆಯಿಂದಲೇ ದೊಡ್ಡ ಹಗರಣವೂ ಹೊರಬಂತು. ಬ್ಯಾಟರ್ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರ್ ಬೆರಳುಗಳಿಂದ ಪಿಚರ್‌ಗೆ ಕೊಡುವ ಗುಟ್ಟಿನ ಸನ್ನೆಗಳನ್ನು ಒಂದು ತಂಡದ ಸಿಬ್ಬಂದಿ ರೀಪ್ಲೇಗೆಂದು ಕೊಟ್ಟಿದ್ದ ಕೋಣೆಯಲ್ಲಿ ಕುಳಿತು, ನೇರ ಪ್ರಸಾರದ ಚಿತ್ರದಿಂದ ಬಿಡಿಸಿ, ತಮ್ಮ ಬ್ಯಾಟರ್‌ಗಳಿಗೆ ತಲುಪಿಸಲು ಶುರುಮಾಡಿದರು. ಕೊನೆಗೆ ಡಗೌಟ್ ಹತ್ತಿರ ಕಸದ ಡಬ್ಬಿ ಬಡಿದು ಸೂಚನೆ ಕೊಡುವವರೆಗೆ ಅದು ಬೆಳೆಯಿತು. 2020ರ ಜನವರಿಯಲ್ಲಿ ಕಮಿಷನರ್ ವರದಿ ಬಂದು, ತಂಡಕ್ಕೆ 50 ಲಕ್ಷ ಡಾಲರ್ ದಂಡ ಬಿತ್ತು, ಮ್ಯಾನೇಜರ್ ಮತ್ತು ಜನರಲ್ ಮ್ಯಾನೇಜರ್ ಒಂದು ಋತುವಿಗೆ ಅಮಾನತಾದರು. ತೀರ್ಪು ಸರಿಪಡಿಸಲು ತೆರೆದ ಕಿಟಕಿಯಿಂದ ಕಳ್ಳನೂ ಒಳಗೆ ಬಂದ. ರೀಪ್ಲೇ ವಿರೋಧಿಗಳ ಹಳೆಯ ವಾದಗಳ ಪಟ್ಟಿಯಲ್ಲಿ ಇದು ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನೊಂದು ಸಣ್ಣದು, ಆದರೆ ನೋಡಿದಾಗಲೆಲ್ಲ ಕಿರಿಕಿರಿಯಾಗುವಂಥದ್ದು. ಓಟಗಾರ ಜಾರಿಕೊಂಡು ಬೇಸ್ ಮುಟ್ಟಿದಾಗ ರಭಸಕ್ಕೆ ಅವನ ಮೈ ಕೂದಲೆಳೆಯಷ್ಟು ಬೇಸ್‌ನಿಂದ ಮೇಲೇಳುವುದುಂಟು. ನೂರು ವರ್ಷ ಅದನ್ನು ಯಾರೂ ಕಂಡಿರಲಿಲ್ಲ, ಕಾಣುವುದು ಸಾಧ್ಯವೂ ಇರಲಿಲ್ಲ. ಈಗ ಫೀಲ್ಡರ್ ಚೆಂಡಿರುವ ಗ್ಲೌಸನ್ನು ಓಟಗಾರನ ಮೈಮೇಲಿಂದ ಎತ್ತದೆ ಒತ್ತಿಕೊಂಡೇ ಇರುತ್ತಾನೆ, ನಿಧಾನಗತಿಯಲ್ಲಿ ನೋಡಿದರೆ ಆ ಕೂದಲೆಳೆ ಕಾಣುತ್ತದೆ, ಓಟಗಾರ ಔಟ್. ನಿಯಮದ ಪ್ರಕಾರ ಸರಿಯೇ. ಆದರೆ 2010ರಲ್ಲಿ ಜನ ರೀಪ್ಲೇ ಕೇಳಿದ್ದು ಎಲ್ಲರಿಗೂ ಕಂಡದ್ದನ್ನು ತಿದ್ದುವುದಕ್ಕೆ, ಯಾರಿಗೂ ಕಾಣದ್ದನ್ನು ಹುಡುಕುವುದಕ್ಕಲ್ಲ.

ಹಕ್ಕು ಮತ್ತೆ ಮೈದಾನಕ್ಕೆ

2014ರ ವ್ಯವಸ್ಥೆ ಮುಟ್ಟದೆ ಬಿಟ್ಟದ್ದು ಪ್ರತಿ ಎಸೆತದ ತೀರ್ಪನ್ನು: ಸ್ಟ್ರೈಕೋ (ಹೊಡೆಯಲು ತಕ್ಕ ಎಸೆತ), ಬಾಲೋ (ಅಲ್ಲದ್ದು). ದಕ್ಷಿಣ ಕೊರಿಯಾದ ಲೀಗ್ 2024ರಲ್ಲಿ ಅದನ್ನು ಪೂರ್ತಿ ಯಂತ್ರಕ್ಕೆ ಒಪ್ಪಿಸಿತು. ಅಮೆರಿಕದ ಸಂಸ್ಥೆ 2026ರ ಋತುವಿಗೆ ಬೇರೆ ದಾರಿ ಆರಿಸಿಕೊಂಡಿದೆ: ತೀರ್ಪು ಅಂಪೈರ್‌ದೇ, ತಂಡಕ್ಕೆ ಎರಡು ಸವಾಲು, ಸರಿಯಾದರೆ ಸವಾಲು ಉಳಿಯುತ್ತದೆ. ಈ ಪ್ರಕರಣದ ಬೆಳಕಿನಲ್ಲಿ ನನಗೆ ಮುಖ್ಯವೆನಿಸಿದ್ದು ಸವಾಲು ಹಾಕುವವರು ಯಾರೆಂಬುದು. ಮ್ಯಾನೇಜರ್‌ಗೆ ಆ ಹಕ್ಕಿಲ್ಲ. ವಿಡಿಯೊ ಕೋಣೆಗೆ ಫೋನಿಲ್ಲ, ಡಗೌಟ್‌ನಿಂದ ಸನ್ನೆಯಿಲ್ಲ. ಪಿಚರ್, ಕ್ಯಾಚರ್, ಬ್ಯಾಟರ್, ಈ ಮೂವರಲ್ಲಿ ಒಬ್ಬರು ಎಸೆತ ಮುಗಿದ ಕೂಡಲೇ ಟೋಪಿಯನ್ನೋ ಹೆಲ್ಮೆಟ್ಟನ್ನೋ ತಟ್ಟಬೇಕು. ಅನುಮಾನ ಮತ್ತೆ ಚೆಂಡಿನ ಹತ್ತಿರ ಇದ್ದವರ ಕಣ್ಣಿಗೇ ಮರಳಿದೆ. ಹನ್ನೆರಡು ವರ್ಷಗಳ ರೀಪ್ಲೇ ಅನುಭವ ಇಲ್ಲದೆ ಸಂಸ್ಥೆ ಈ ಸಂಯಮಕ್ಕೆ ಬರುತ್ತಿತ್ತೆಂದು ನನಗನಿಸುವುದಿಲ್ಲ.

ಆ ಅಂಪೈರ್ 2016ರ ಋತುವಿನ ನಂತರ ನಿವೃತ್ತರಾದರು; ಅಷ್ಟರಲ್ಲಿ ಮೂರು ಋತು ಅವರೂ ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದರು. 2022ರಲ್ಲಿ ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಆ ತೀರ್ಪನ್ನು ತಿರುಗಿಸಿ ಪರ್ಫೆಕ್ಟ್ ಗೇಮ್ ಎಂದು ಮಾನ್ಯ ಮಾಡಬೇಕೆಂದು 82 ಪುಟಗಳ ಮನವಿ ಸಿದ್ಧಪಡಿಸಿದರು, ಪಿಚರ್ ಕೂಡ ದನಿಗೂಡಿಸಿದ. ಅಧಿಕೃತ ದಾಖಲೆಯಲ್ಲಿ ಆ ಸಂಜೆಯ ಪಂದ್ಯದ ಎದುರು ಈಗಲೂ ಇರುವುದು 28 ಬ್ಯಾಟರ್‌ಗಳು, ಒಂದು ಹಿಟ್.